ಬೋರಯ್ಯನ ಬೆರಳು, ಸಣ್ಣಯ್ಯನ ಮೊಳೆ

ಅರಸೀಕೆರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಅಟೆಂಡರ್ ಆಗಿದ್ದ ಸಣ್ಣಯ್ಯನ ಮಾತಿಗೆ ಹಗಲಿಡೀ ಯಾರೂ ಮೂರು ಕಾಸಿನ ಬೆಲೆ ಕೊಡುತ್ತಿರಲಿಲ್ಲ. ಸಂಜೆ ಐದೂವರೆಗೆ ರೈಲ್ವೆ ಮೈದಾನಕ್ಕೆ ಕಾಲಿಟ್ಟನೆಂದರೆ ಮಾತ್ರ ಅವನು ಮ್ಯಾನೇಜರ್. ಜಂಕ್ಷನ್ ಗೆಳೆಯರ ಬಳಗ ಎಂಬ ವಾಲಿಬಾಲ್ ತಂಡಕ್ಕೆ ಹನ್ನೊಂದು ವರ್ಷದಿಂದ ಅವನೇ ಮ್ಯಾನೇಜರ್, ಅವನೇ ಬಾಲಿಗೆ ಗಾಳಿ ತುಂಬುವವನು, ನೆಟ್ ಹರಿದರೆ ಗಂಟು ಹಾಕುವವನೂ ಅವನೇ. ಆಡಲು ಮಾತ್ರ ಬರುತ್ತಿರಲಿಲ್ಲ. ಒಮ್ಮೆ ಹುಮ್ಮಸ್ಸಿನಲ್ಲಿ ಸರ್ವಿಸ್ ಮಾಡಲು ಹೋಗಿ, ಚೆಂಡು ಹಿಮ್ಮುಖವಾಗಿ ಹಾರಿ, ಹೊರಡಲು ನಿಂತಿದ್ದ ಗೂಡ್ಸ್ ರೈಲಿನ ತೆರೆದ ಡಬ್ಬಿಯೊಳಗೆ ಬಿದ್ದು ಹೊರಟುಹೋಗಿತ್ತು. ಅಂದಿನಿಂದ ಅವನು ಚೆಂಡನ್ನು ಮುಟ್ಟುವುದು ಗಾಳಿ ತುಂಬುವಾಗ ಮಾತ್ರ.

ಸಣ್ಣಯ್ಯನ ಮನೆಯ ನಡುಮನೆ ಗೋಡೆಯಲ್ಲಿ ಒಂದು ಮೊಳೆ ಇತ್ತು. ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೊದಲ ಭಾನುವಾರ ಹಳೇಬೀಡಿನ ಶಾಲಾ ಮೈದಾನದಲ್ಲಿ ನಡೆಯುವ ಪಂದ್ಯದ ಶೀಲ್ಡ್ ನೇತುಹಾಕಲು ೧೯೯೪ರಲ್ಲಿ ಹೊಡೆದದ್ದು. ಮ್ಯಾಚ್ ಇನ್ನೂ ಎರಡು ದಿನ ಇರುವಾಗಲೇ ಹೊಡೆದುಬಿಟ್ಟಿದ್ದ. ಆ ವರ್ಷ ಫೈನಲ್‌ನಲ್ಲಿ ಬೇಲೂರಿನವರು ಸೋಲಿಸಿದರು. ಮರುವರ್ಷವೂ ಬೇಲೂರಿನವರೇ. ಅದರ ಮರುವರ್ಷ, ಅದರಾಚೆಯ ವರ್ಷ, ಅದೇ ಫೈನಲ್, ಅದೇ ಬೇಲೂರು, ಅದೇ ಸೋಲು. ಹೆಂಡತಿ ಕೆಂಪಲಕ್ಷ್ಮಮ್ಮ ಎರಡನೆಯ ವರ್ಷದವರೆಗೆ ಕಾದು ನೋಡಿ, ಆಮೇಲೆ ಆ ಮೊಳೆಗೆ ಮೊರ ನೇತುಹಾಕಿದಳು. ಸಣ್ಣಯ್ಯ ಊಟಕ್ಕೆ ಕೂತಾಗಲೆಲ್ಲ ಎದುರಿಗೆ ಮೊರ ಕಾಣುತ್ತಿತ್ತು.

ನಾಲ್ಕು ಸೋಲಿಗೂ ತಂಡದವರ ಬಳಿ ಒಂದೇ ಕಾರಣ ಇತ್ತು. ಅದರ ಹೆಸರು ಬೋರಯ್ಯ.

ಬೋರಯ್ಯ ತಂಡದ ಲಿಫ್ಟರ್. ಹೊಡೆಯುವವರು ಎಗರಿ ಹೊಡೆಯುತ್ತಾರೆ, ಜನ ಅವರಿಗೆ ಚಪ್ಪಾಳೆ ತಟ್ಟುತ್ತಾರೆ ನಿಜ. ಆದರೆ ಅವರ ಕೈಗೆ ಹದವಾಗಿ ಚೆಂಡು ಎತ್ತಿಕೊಡುವವನು ನೆಟ್ಟಿನ ಬುಡದಲ್ಲಿ ನಿಂತ ಲಿಫ್ಟರ್. ಯಾರಿಗೆ ಕೊಡಬೇಕು, ಎಷ್ಟು ಎತ್ತರಕ್ಕೆ ಕೊಡಬೇಕು ಎಂದು ತೀರ್ಮಾನಿಸುವವನೂ ಅವನೇ. ಇಪ್ಪತ್ತೈದು ವರ್ಷದಿಂದ ಬೋರಯ್ಯ ಆ ಜಾಗ ಬಿಟ್ಟು ಕದಲಿರಲಿಲ್ಲ. ವೃತ್ತಿಯಲ್ಲಿ ದನದ ದಲ್ಲಾಳಿ. ಮಾತು ಕಡಿಮೆ, ಹೆಗಲ ಮೇಲೆ ಸದಾ ಒಂದು ಟವಲು. ಸರ್ವಿಸ್ ಬರುವ ಮೊದಲು ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಬೆರಳಲ್ಲೇ ತನ್ನವರಿಗೆ ಸೂಚನೆ ಕೊಡುತ್ತಿದ್ದ. ಕಿರುಬೆರಳು ಚಾಚಿದರೆ ಎಡಗಡೆಯವನಿಗೆ ಎತ್ತರದ ಚೆಂಡು, ನಡುವಿನ ಎರಡು ಬೆರಳು ಮಡಿಸಿದರೆ ಮಧ್ಯದವನಿಗೆ ಗಿಡ್ಡ ಚೆಂಡು, ಹೆಬ್ಬೆರಳನ್ನು ತೋರುಬೆರಳ ಗೆಣ್ಣಿಗೆ ಒತ್ತಿದರೆ ಬಲಗಡೆಗೆ. ಒಮ್ಮೆ ಬೆರಳು ತೋರಿಸಿದನೆಂದರೆ ಚೆಂಡು ಅಲ್ಲಿಗೇ ಹೋಗುತ್ತಿತ್ತು, ಒಂದು ಗೇಣು ಆಚೆಯೂ ಇಲ್ಲ, ಈಚೆಯೂ ಇಲ್ಲ.

ಸಣ್ಣಯ್ಯನ ಮದುವೆಯೂ ಆ ಕೈಯಿಂದಲೇ ಆದದ್ದು. ಹುಡುಗನಾಗಿದ್ದಾಗ ಅವನು ದಿನಾ ಕೋರ್ಟಿನ ಪಕ್ಕ ನಿಂತು, "ಏನ್ ಕೈ ಬೋರಣ್ಣ, ಏನ್ ಕೈ!" ಎಂದು ಕಿರುಚುತ್ತಿದ್ದ. ಬೋರಯ್ಯನಿಗೆ ಇವನ ಅಭಿರುಚಿ ಮೆಚ್ಚುಗೆಯಾಯಿತು. ಆರು ತಿಂಗಳು ನೋಡಿ ತಂಗಿ ಕೆಂಪಲಕ್ಷ್ಮಮ್ಮನನ್ನೇ ಕೊಟ್ಟುಬಿಟ್ಟ. ಆಟ ಆಡಿ ಹೆಣ್ಣು ಗೆದ್ದವರಿರಬಹುದು, ಆಟ ಹೊಗಳಿ ಗೆದ್ದವನು ಈ ಸೀಮೆಯಲ್ಲಿ ಸಣ್ಣಯ್ಯನೊಬ್ಬನೇ.

೧೯೯೮ರ ಪಂದ್ಯ ಹತ್ತಿರ ಬಂದಾಗ ಬೋರಯ್ಯನಿಗೆ ನಲವತ್ತೇಳು. ಆಗಲೇ ಬಾಣಾವರದಿಂದ ದಿನಾ ಪ್ಯಾಸೆಂಜರ್ ರೈಲಿನಲ್ಲಿ ಐ.ಟಿ.ಐ.ಗೆ ಬರುತ್ತಿದ್ದ ಉಮೇಶ ಒಂದು ಸಂಜೆ ಮೈದಾನಕ್ಕೆ ಬಂದ. ಹತ್ತೊಂಬತ್ತು ವರ್ಷ, ಉದ್ದನೆಯ ತೋಳು. ನೆಲ ಬಿಟ್ಟು ಎಗರಿ, ಗಾಳಿಯಲ್ಲೇ ಚೆಂಡನ್ನು ಬೆರಳ ತುದಿಯಲ್ಲಿ ಮುಟ್ಟಿ ಬಿಟ್ಟರೆ ಚೂರೂ ಸದ್ದಾಗುತ್ತಿರಲಿಲ್ಲ. ಸಣ್ಣಯ್ಯನ ಬಾಯಲ್ಲಿ, "ಏನ್ ಕೈ!" ಎನ್ನುವುದು ಅರ್ಧ ಬಂದಿತ್ತು. ಪಕ್ಕದಲ್ಲಿ ಭಾವ ನಿಂತಿದ್ದನ್ನು ನೋಡಿ ಕೆಮ್ಮಿದ.

ಎಡಗಡೆಯಿಂದ ಹೊಡೆಯುವ ಸೈಕಲ್ ಶಾಪಿನ ಶಶಿ ಆ ಸಂಜೆಯೇ ಸಣ್ಣಯ್ಯನಿಗೆ ಗಂಟುಬಿದ್ದ.

"ಮ್ಯಾನೇಜರ್ರೇ, ಈ ಸಲ ಲಿಫ್ಟಿಂಗಿಗೆ ಉಮೇಶನ್ನೇ ಹಾಕಿ. ಬೋರಣ್ಣ ಎತ್ಕೊಡೋ ಮುಂಚೆನೇ ಬೇಲೂರಿನೋರು ಬ್ಲಾಕಿಗೆ ಎಗರಿ ನಿಂತಿರ್ತಾರೆ. ಮಂಡಿ ಹೋಗೈತೆ ಅಣ್ಣಂಗೆ, ನಿಧಾನ ಆಗೋಗೈತೆ."

"ಅವರು ನಮ್ಮ ಭಾವ ಕಣೋ."

"ನಿಮಗೆ ಭಾವ. ಶೀಲ್ಡಿಗೆ ಏನಾಗ್ಬೇಕು?"

ಭಾವನನ್ನು ಆಡಿಸಿದರೆ ಐದನೆಯ ಸಲ ಸೋಲು ಗ್ಯಾರಂಟಿ. ಕೈಬಿಟ್ಟರೆ ತನ್ನನ್ನು ಮನುಷ್ಯನನ್ನಾಗಿ ಮಾಡಿದವನ ಮುಖವನ್ನು ಜನ್ಮದಲ್ಲಿ ನೋಡುವಂತಿಲ್ಲ. ನಿಜ ಹೇಳಬೇಕೆಂದರೆ ಮಂಡಿಯ ವಿಷಯ ಅವನಿಗೂ ಅನ್ನಿಸಿತ್ತು. ಟೀ ಅಂಗಡಿಯಲ್ಲಿ, ಕಚೇರಿಯಲ್ಲಿ, "ಭಾವಂಗೆ ವಯಸ್ಸಾಯ್ತು ಕಣ್ರೀ" ಎಂದು ನಾಲ್ಕು ವರ್ಷದಿಂದ ತಾನೇ ಹೇಳಿಕೊಂಡು ತಿರುಗಿದ್ದ.

ಸುದ್ದಿ ಅವನಿಗಿಂತ ಮೊದಲೇ ಮನೆ ತಲುಪಿತ್ತು. ಕೆಂಪಲಕ್ಷ್ಮಮ್ಮ ಜಗಳ ಆಡಲಿಲ್ಲ. ಉಪ್ಪಿಟ್ಟು ಮಾಡಿದಳು. ಸಣ್ಣಯ್ಯನಿಗೆ ಜಗತ್ತಿನಲ್ಲಿ ಉಪ್ಪಿಟ್ಟೊಂದು ಆಗದು. ಬೆಳಿಗ್ಗೆ ಉಪ್ಪಿಟ್ಟು, ಕಚೇರಿಯ ಡಬ್ಬಿಯಲ್ಲಿ ಉಪ್ಪಿಟ್ಟು, ಸಂಜೆ ಮುದ್ದೆಯ ಆಸೆಯಿಂದ ತಟ್ಟೆ ಮುಂದೆ ಕೂತರೆ ಬಿಸಿ ಬಿಸಿ ಉಪ್ಪಿಟ್ಟು.

"ರಾಗಿ ಹಿಟ್ಟು ಖಾಲಿಯಾಯ್ತೇನೇ?"

"ಐತೆ. ಹಳೇ ಹಿಟ್ಟು. ಹಳೇದು ನಿಮಗೆ ಆಗಾಕಿಲ್ವಲ್ಲ, ಅದಕ್ಕೆ ಹೊಸಾ ರವೆ ತರ್ಸಿದೆ."

ಮೂರು ದಿನ ಉಪ್ಪಿಟ್ಟು ತಿಂದ ಮೇಲೆ ಸಣ್ಣಯ್ಯ ಗಟ್ಟಿ ಮನಸ್ಸು ಮಾಡಿದ. ಯಾವುದಕ್ಕೂ ಭಾವನಿಗೆ ಎದುರಾ ಎದುರು ಹೇಳಿಬಿಡುವುದು ಸರಿ ಎಂದು ಬೋರಯ್ಯನ ಮನೆಗೆ ಹೊರಟ. ಮೊದಲ ದಿನ ಹೋಗಿ ಎರಡು ಸೇರು ಅವರೆಕಾಯಿ ತೆಗೆದುಕೊಂಡು ವಾಪಸ್ ಬಂದ. ಎರಡನೆಯ ದಿನ ಹೋದಾಗ ಬೋರಯ್ಯ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ. ಆ ಹೊತ್ತಿನಲ್ಲಿ ಮಂಡಿಯ ಮಾತು ತೆಗೆಯಲು ಮನಸ್ಸಾಗದೆ, ಒಂದಿಷ್ಟು ಎಣ್ಣೆ ತಾನೇ ಹಚ್ಚಿ ಬಂದ. ಮೂರನೆಯ ದಿನ ಅಂಗಳದಲ್ಲಿ ನಿಂತು ಕಣ್ಣು ಮುಚ್ಚಿಕೊಂಡು ಶುರು ಮಾಡಿದ.

"ಭಾವ, ಒಂದ್ ವಿಷ್ಯ ಹೇಳ್ಬೇಕು. ಬೇಜಾರ್ ಮಾಡ್ಕೋಬಾರ್ದು."

"ಇರಯ್ಯ, ಮೊದ್ಲು ಈ ಕಡಸು ನೋಡು." ಬೋರಯ್ಯ ಕೊಟ್ಟಿಗೆಯಿಂದ ಒಂದು ಕಪ್ಪು ಕಡಸು ಎಳೆದು ತಂದ. ಹಣೆಯಲ್ಲಿ ಬಿಳಿ ಚುಕ್ಕೆ. "ಹೆಂಗೈತೆ?"

"ಚೆನ್ನಾಗೈತೆ. ನಾನ್ ಹೇಳಕ್ ಬಂದಿದ್ದೇನಂದ್ರೆ..."

ಅಷ್ಟರಲ್ಲಿ ಬೋರಯ್ಯನ ಟವಲು ಇವನ ಕೈಮೇಲೆ ಬಿದ್ದಿತ್ತು, ಒಳಗೆ ಬೆರಳು ಹಿಡಿದಾಗಿತ್ತು. ದನದ ವ್ಯಾಪಾರದ ರೀತಿಯೇ ಅದು. ಸುತ್ತ ಎಷ್ಟೇ ಜನ ನಿಂತಿರಲಿ, ರೇಟು ಬಾಯಿಗೆ ಬರುವುದಿಲ್ಲ, ಟವಲಿನೊಳಗೆ ಬೆರಳಿಂದ ಬೆರಳಿಗೆ ಹೋಗುತ್ತದೆ. ಬೋರಯ್ಯ ಇವನ ಕಿರುಬೆರಳು ಜಗ್ಗಿದ. ಆಮೇಲೆ ನಡುವಿನ ಎರಡು ಬೆರಳು ಮಡಿಸಿದ. ಸಣ್ಣಯ್ಯನಿಗೆ ಥಟ್ಟನೆ ಹೊಳೆಯಿತು.

"ಭಾವ, ಇದು ಮಧ್ಯದ ಗಿಡ್ಡ ಬಾಲಲ್ವಾ?"

"ಮತ್ತೆ? ನಂಗ್ ಬರೋದು ಇದೊಂದೇ ಲೆಕ್ಕ. ಸಂತೇಲೂ ಅದೇ, ಕೋರ್ಟಲ್ಲೂ ಅದೇ. ಹೂಂ ಅನ್ನು."

ಬೋರಯ್ಯ ಆ ಬೆರಳಿಗೆ ಎಷ್ಟು ರೂಪಾಯಿ ಎಂದು ಕಿವಿಯಲ್ಲಿ ಉಸುರಿದ. ಅಷ್ಟು ಅಗ್ಗದ ರೇಟು ಕೇಳಿ ಸಣ್ಣಯ್ಯನ ಬಾಯಿ ತಾನಾಗಿ ಹೂಂ ಅಂದಿತು. ಭಾವನನ್ನು ತಂಡದಿಂದ ತೆಗೆಯಲು ಹೋದವನು ಹಗ್ಗ ಹಿಡಿದುಕೊಂಡು ಮನೆಗೆ ಬಂದ. ದಲ್ಲಾಳಿಗೇ ಟೋಪಿ ಹಾಕಿದೆನೆಂದು ದಾರಿಯುದ್ದಕ್ಕೂ ಒಳಗೊಳಗೇ ಬೀಗಿದ.

ಕೊನೆಗೆ ಅವನು ಹೇಳಿದ್ದು ಹಳೇಬೀಡಿಗೆ ಹೋಗುವ ಬಸ್ಸಿನಲ್ಲಿ. ಅದೂ ನೇರವಾಗಿ ಅಲ್ಲ. ಜೇಬಿನಿಂದ ಹೊಸ ಸೀಟಿಯೊಂದನ್ನು ತೆಗೆದು ಬೋರಯ್ಯನ ಕೊರಳಿಗೆ ಹಾಕಿ, "ಭಾವ, ಈ ವರ್ಷದಿಂದ ನೀವು ಕೋಚು. ಲಿಫ್ಟಿಂಗಿಗೆ ಹುಡುಗ ಇರ್ಲಿ" ಎಂದ. ಮನೆಯಲ್ಲಿ ಇದನ್ನೇ ಪ್ರಮೋಷನ್ ಎಂದು ಹೇಳಲು ಹೋಗಿ, "ಕೆಲ್ಸ ಕಿತ್ಕೊಂಡು ಕೊಡೋ ಪ್ರಮೋಷನ್ನಾ?" ಎಂದು ಕೆಂಪಲಕ್ಷ್ಮಮ್ಮನಿಂದ ಕೇಳಿಸಿಕೊಂಡಿದ್ದ. ಬೋರಯ್ಯ ಹಾಗೇನೂ ಅನ್ನಲಿಲ್ಲ. ಸೀಟಿಯನ್ನು ತಿರುಗಿಸಿ ನೋಡಿದ, ಕೊರಳಿಂದ ತೆಗೆದು ಅಂಗಿ ಜೇಬಿಗೆ ಹಾಕಿಕೊಂಡ, "ಆಗ್ಲಿ" ಎಂದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಸಣ್ಣಯ್ಯನಿಗೆ ಅನ್ನಿಸಿತು.

ಫೈನಲ್‌ಗೆ ಬರುವ ಹೊತ್ತಿಗೆ ಮಧ್ಯಾಹ್ನ ಮೂರು ಗಂಟೆ. ಎದುರು ಎಂದಿನಂತೆ ಬೇಲೂರು. ಬೇಲೂರಿನ ಹಿರಿಯ ಹುಚ್ಚಣ್ಣನೂ ಎಂದಿನಂತೆ ಹಾಜರಿದ್ದ. ಅರವತ್ತು ದಾಟಿದ, ಬಿಳಿ ಮೀಸೆಯ, ಬಲು ಮರ್ಯಾದಸ್ಥ ಮನುಷ್ಯ. ಅವನಿಗೊಂದು ವಿಚಿತ್ರ ಅಭ್ಯಾಸ. ಪ್ರತಿ ವರ್ಷ ಅವನು ನೋಡುತ್ತಿದ್ದುದು ಅರಸೀಕೆರೆಯವರ ಕೋರ್ಟಿನ ಹಿಂದೆ ನಿಂತು. ಕೇಳಿದರೆ, "ಆ ಕಡೆ ಬಿಸ್ಲು ಕಣ್ಣಿಗೆ ಹೊಡೀತದೆ" ಎನ್ನುತ್ತಿದ್ದ. ಒಂದು ಸೆಟ್ ಮುಗಿದು ತಂಡಗಳು ಕೋರ್ಟ್ ಬದಲಿಸಿದರೆ ತಾನೂ ಬದಲಿಸಿ ಮತ್ತೆ ಅರಸೀಕೆರೆಯವರ ಹಿಂದೆಯೇ ಬರುತ್ತಿದ್ದ. ಆಗಲೂ ಕೇಳಿದರೆ ಬಿಸಿಲು ಆ ಕಡೆಯೇ ಹೊಡೆಯುತ್ತಿತ್ತು. ವಯಸ್ಸಾದವರು ನಿಂತಿರುವುದನ್ನು ನೋಡಲಾರದೆ ಸಣ್ಣಯ್ಯ ಮೊದಲ ವರ್ಷವೇ ಶಾಲೆಯಿಂದ ಒಂದು ಕುರ್ಚಿ ತಂದು ಹಾಕಿಕೊಟ್ಟಿದ್ದ. ನಾಲ್ಕು ವರ್ಷವೂ ತಪ್ಪದೆ ಹಾಕಿದ್ದ, ಕೋರ್ಟ್ ಬದಲಾದಾಗ ತಾನೇ ಹೊತ್ತು ಆಚೆ ಹಾಕಿದ್ದ. ತಾನು ಮಾತ್ರ ನೆಟ್ಟಿನ ಪಕ್ಕದ ಹೊಂಗೆ ಮರದ ನೆರಳಲ್ಲಿ ನಿಲ್ಲುತ್ತಿದ್ದ.

ಮೊದಲ ಸೆಟ್ ಉಮೇಶ ಆಡಿದ. ಕೈ ಬಂಗಾರವೇ, ಆದರೆ ಬೆರಳು ತೋರಿಸುವ ಅಭ್ಯಾಸ ಅವನಿಗಿಲ್ಲ. "ಬಾಲ್ ಕೈಗೆ ಬಂದ್ಮೇಲೆ ಎಲ್ಲಿಗೆ ಅಂತ ಗೊತ್ತಾಗುತ್ತೆ ಅಂಕಲ್" ಎನ್ನುವ ಜಾತಿ. ಶಶಿ ಮತ್ತಿತರರು ಇಷ್ಟು ವರ್ಷದ ಅಭ್ಯಾಸದಿಂದ ಅವನ ಬೆನ್ನನ್ನೇ ನೋಡುತ್ತಾ ನಿಂತರು. ಬೆನ್ನು ಏನೂ ಹೇಳಲಿಲ್ಲ. ಮಧ್ಯದವನಿಗೆ ಚೆಂಡು ಹೋದಾಗ ಅವನು ಬಗ್ಗಿ ಬೂಟಿನ ಲೇಸು ಕಟ್ಟುತ್ತಿದ್ದ. ಹದಿನೈದು ಒಂಬತ್ತಕ್ಕೆ ಸೆಟ್ ಕೈಬಿಟ್ಟಿತು.

ಹುಚ್ಚಣ್ಣ ಅಷ್ಟೂ ಹೊತ್ತು ಕುರ್ಚಿಯಲ್ಲಿ ಮಂಕಾಗಿ ಕೂತಿದ್ದ. ಕುರ್ಚಿ ಆಚೆ ಹಾಕಲು ಬಂದ ಸಣ್ಣಯ್ಯನ ಕೈ ಹಿಡಿದುಕೊಂಡ.

"ಬೋರಯ್ಯನ್ನ ಯಾಕಪ್ಪ ಕೂರ್ಸಿದ್ದೀಯ? ಅವನಿಲ್ದೆ ಆಟ ನೋಡಕ್ಕೇ ಮನಸ್ ಬರಲ್ಲ. ಹಿರೀರನ್ನ ಹಿಂಗ್ ಮೂಲೆಗ್ ಹಾಕಬಾರ್ದು ಕಣಯ್ಯ."

ಎದುರು ಪಾಳೆಯದವನೇ ಹೀಗೆ ಹೇಳಿದ್ದು ಕೇಳಿ ಸಣ್ಣಯ್ಯನ ಕಣ್ಣು ತುಂಬಿ ಬಂತು. ತನಗಿಲ್ಲದ ಮನುಷ್ಯತ್ವ ಬೇಲೂರಿನವನಿಗಿದೆ ಎಂದುಕೊಂಡ. ಓಡಿ ಹೋಗಿ ಭಾವನ ಮುಂದೆ ನಿಂತು, "ನೀವೇ ಇಳೀರಿ ಭಾವ" ಎಂದ. ಬೋರಯ್ಯ ಟವಲು ಕೊಡವಿ, ಪಕ್ಕಕ್ಕಿಟ್ಟು ಕೋರ್ಟಿಗಿಳಿದ.

ಎರಡನೆಯ ಸೆಟ್ಟಿನಲ್ಲಿ ಬೋರಯ್ಯನ ಕೈಯಿಂದ ಹೊರಟ ಒಂದೊಂದು ಚೆಂಡೂ ಮುತ್ತು. ಆದರೆ ಶಶಿ ಎಗರಿದ ಕಡೆಯಲ್ಲೆಲ್ಲ ಬೇಲೂರಿನ ಮೂರು ಜೊತೆ ಕೈಗಳು ಮೊದಲೇ ಎಗರಿ ನಿಂತಿದ್ದವು. ಎಂಟು ಎರಡಾಯಿತು. ಸಣ್ಣಯ್ಯ ತಲೆ ಮೇಲೆ ಕೈ ಹೊತ್ತು, ಆದದ್ದಾಗಲಿ, ಅಷ್ಟು ಒಳ್ಳೆಯ ಮಾತಾಡಿದ ಮನುಷ್ಯನಿಗಾದರೂ ಒಂದು ಲೋಟ ಮಜ್ಜಿಗೆ ಕೊಡೋಣವೆಂದು ಹುಚ್ಚಣ್ಣನ ಕುರ್ಚಿಯ ಹಿಂದೆ ಹೋಗಿ ನಿಂತ. ಆಟ ನಡೆಯುತ್ತಿರುವಾಗ ಅವನು ನೆರಳು ಬಿಟ್ಟು ಆ ಜಾಗದಲ್ಲಿ ನಿಂತದ್ದು ಇಷ್ಟು ವರ್ಷದಲ್ಲಿ ಅದೇ ಮೊದಲು.

ಅಲ್ಲಿಂದ ಭಾವನ ಬೆನ್ನ ಹಿಂದಿನ ಕೈ ಕನ್ನಡಿಯಲ್ಲಿ ಕಂಡಷ್ಟು ಚೆನ್ನಾಗಿ ಕಾಣುತ್ತಿತ್ತು. ಬೋರಯ್ಯ ಕಿರುಬೆರಳು ಚಾಚಿದ. ಹುಚ್ಚಣ್ಣ ಟವಲನ್ನು ಬಲ ಹೆಗಲಿಗೆ ಹಾಕಿಕೊಂಡ. ಎದುರಿನ ಮೂವರು ತಮ್ಮ ಬಲಕ್ಕೆ, ಅಂದರೆ ಶಶಿಯ ಎದುರಿಗೆ, ಸರಿದರು. ಬೋರಯ್ಯ ನಡುವಿನ ಬೆರಳು ಮಡಿಸಿದ. ಟವಲು ತಲೆಗೆ ಹೋಯಿತು. ಮೂವರೂ ಮಧ್ಯಕ್ಕೆ ಬಂದರು. ಸಣ್ಣಯ್ಯನ ಕೈಯಲ್ಲಿದ್ದ ಮಜ್ಜಿಗೆಯಲ್ಲಿ ಅರ್ಧ ಹುಚ್ಚಣ್ಣನ ಬೆನ್ನಿಗೆ ಚೆಲ್ಲಿತು.

ಟೈಮ್ ಔಟ್ ಕೇಳಿ ಸಣ್ಣಯ್ಯ ಕೋರ್ಟಿನೊಳಗೆ ಓಡಿದ.

"ಭಾವ, ಈ ಹುಚ್ಚಣ್ಣ ಏನ್ ಕೆಲ್ಸ ಮಾಡ್ಕೊಂಡಿದ್ದ?"

"ದನದ ದಲ್ಲಾಳಿ. ಯಾಕೆ? ನಂಗೆ ಬೆರಳು ಹಿಡಿಯೋದ್ ಕಲ್ಸಿದ್ದೇ ಅವನು."

ಶಶಿ ಕೋರ್ಟಿನ ನಡುವೆ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಬೋರಯ್ಯ ನಿಧಾನವಾಗಿ ತಿರುಗಿ ತನ್ನ ಹಳೆಯ ಗುರುವನ್ನು ನೋಡಿದ. ಗುರು ಆಕಾಶ ನೋಡಿದ. ನಾಲ್ಕು ವರ್ಷ ಸೋತದ್ದು ಮಂಡಿಯಿಂದಲ್ಲ. ಮೂರು ತಾಲ್ಲೂಕಿನ ದಲ್ಲಾಳಿಗಳಿಗೆಲ್ಲ ಗೊತ್ತಿರುವ ಲೆಕ್ಕವನ್ನು, ಟವಲು ಮುಚ್ಚದೆ, ದಲ್ಲಾಳಿಯ ಮುಂದೆಯೇ ಹಿಡಿದು ತೋರಿಸಿದ್ದರಿಂದ. ಆ ದಲ್ಲಾಳಿಗೆ ಕುರ್ಚಿ ಹಾಕಿಕೊಟ್ಟವನು ಬೇರೆ ಯಾರೂ ಅಲ್ಲ, ಮ್ಯಾನೇಜರ್ ಸಣ್ಣಯ್ಯ.

"ಹಂಗಾರೆ ಉಲ್ಟಾ ಬೆರಳು ತೋರ್ಸಿ ಬೋರಣ್ಣ" ಎಂದ ಶಶಿ. "ಎಡಕ್ಕೆ ಅಂತ ತೋರ್ಸಿ ಬಲಕ್ಕೆ ಕೊಡಿ. ಗೆದ್ದೋಗ್ತೀವಿ."

ಬೋರಯ್ಯ ತಲೆ ಅಲ್ಲಾಡಿಸಿದ. "ಆಗಲ್ಲ ಕಣಪ್ಪ. ಬಾಯಲ್ಲಿ ಸಾವಿರ ಸುಳ್ಳು ಹೇಳಿದ್ದೀನಿ. ಹಲ್ಲುದುರಿದ್ ಎತ್ತಿಗೆ ಆರು ಹಲ್ಲು ಅಂದಿದ್ದೀನಿ. ಬೆರಳಲ್ಲಿ ಮಾತ್ರ ಇವತ್ತಿನ್ ತಂಕ ಸುಳ್ಳು ಹೇಳಿಲ್ಲ. ಬೆರಳಲ್ಲೂ ಸುಳ್ಳು ಹೇಳಿದ್ರೆ ದಲ್ಲಾಳಿಯಾಗಿ ನಾನಿದ್ದೂ ಏನು?"

"ಭಾವ, ಇದು ದನದ ಸಂತೆ ಅಲ್ಲ, ಮ್ಯಾಚು!"

"ಕೈ ಎರಡಕ್ಕೂ ಒಂದೇ ಅಲ್ವೇನಯ್ಯ?"

ಅಂಪೈರ್ ಸೀಟಿ ಊದಿದ. ಸಣ್ಣಯ್ಯನಿಗೆ ಭಾವನ ಕಾಲಿಗೆ ಬೀಳಬೇಕೋ, ಕತ್ತು ಹಿಸುಕಬೇಕೋ ತಿಳಿಯಲಿಲ್ಲ. ಭಾವ ಆಡಿದರೆ ಸೋಲು ಖಚಿತ. ಹೋಗಿ ಕೂತುಕೋ ಎಂದು ಎರಡನೆಯ ಸಲ ಹೇಳುವ ಎದೆ ಅವನಿಗಿರಲಿಲ್ಲ. ಅಷ್ಟರಲ್ಲಿ ಬೋರಯ್ಯನೇ ಹೊರಗೆ ನಿಂತಿದ್ದ ಉಮೇಶನನ್ನು ಕೈಸನ್ನೆ ಮಾಡಿ ಕರೆದ.

"ಬಾರಪ್ಪ. ಈ ಲೆಕ್ಕ ಗೊತ್ತಾ ನಿಂಗೆ?"

"ಇಲ್ಲ ಬೋರಣ್ಣ."

"ಒಳ್ಳೇದಾಯ್ತು. ಎಡಗೈ ಹಿಂದಕ್ಕಿಟ್ಕೊಂಡು ಮನಸಿಗ್ ಬಂದಂಗೆ ಬೆರಳಾಡ್ಸು. ಬಾಲು ನಿಂಗೆ ತೋಚಿದ್ ಕಡೆ ಕೊಡು. ಲೆಕ್ಕ ಬರದೋನು ಬೆರಳಾಡ್ಸಿದ್ರೆ ಅದು ಸುಳ್ಳಾಗಾಕಿಲ್ಲ." ಹೊಡೆಯುವವರ ಕಡೆ ತಿರುಗಿ, "ನೀವ್ಯಾರೂ ಬೆರಳು ನೋಡ್ಬೇಡಿ, ಬಾಲು ನೋಡಿ. ಲೇಸು ಆಮೇಲ್ ಕಟ್ಕೋಬೋದು" ಎಂದ. ಜೇಬಿನಲ್ಲಿದ್ದ ಸೀಟಿ ತೆಗೆದು ಕೊರಳಿಗೆ ಹಾಕಿಕೊಂಡು ತಾನಾಗಿ ಹೊರಗೆ ನಡೆದ. ಕಾಲು ಚೂರು ಕುಂಟುತ್ತಿತ್ತು. ಹೋಗಿ ಹುಚ್ಚಣ್ಣನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತ.

ಆಮೇಲೆ ನಡೆದದ್ದನ್ನು ಹಳೇಬೀಡಿನವರು ಬಹಳ ದಿನ ಹೇಳಿಕೊಂಡು ನಕ್ಕರು. ಉಮೇಶನ ಬೆರಳು ಹಾರ್ಮೋನಿಯಂ ಬಾರಿಸಿದಂತೆ ಆಡಿತು. ಹುಚ್ಚಣ್ಣನ ಟವಲು ಬಲಕ್ಕೆ ಹೋಯಿತು, ಎಡಕ್ಕೆ ಹೋಯಿತು, ತಲೆಗೆ ಹೋಗಿ ಅರ್ಧದಲ್ಲೇ ಕೆಳಗೆ ಬಂತು. ಬೇಲೂರಿನ ಮೂವರು ಒಬ್ಬರಿಗೊಬ್ಬರು ಢಿಕ್ಕಿ ಹೊಡೆದು ನೆಟ್ಟಿಗೆ ಸಿಕ್ಕಿಕೊಂಡರು. ಇನ್ನೊಂದು ಬದಿಯಿಂದ ಶಶಿ ಖಾಲಿ ಅಂಗಳಕ್ಕೆ ಚೆಂಡು ಬಡಿಯುತ್ತಿದ್ದ. "ಇದ್ಯಾವೂರ್ ಲೆಕ್ಕನೋ ಬೋರ?" ಎಂದು ಹುಚ್ಚಣ್ಣ ಕೇಳಿದ. "ಬಾಣಾವರದ್ದು ಗುರುವೇ, ಹೊಸದು" ಎಂದ ಬೋರಯ್ಯ. ಎರಡನೆಯ ಸೆಟ್ ಹದಿನೈದು ಹನ್ನೆರಡಕ್ಕೆ ಬಂತು. ಮೂರನೆಯದರಲ್ಲಿ ಕುರ್ಚಿ ಆಚೆ ಹಾಕಲು ಸಣ್ಣಯ್ಯ ಬರಲಿಲ್ಲ, ಹುಚ್ಚಣ್ಣನೂ ಎದ್ದು ಹೋಗಲಿಲ್ಲ. ಅದು ಹದಿನೈದು ಆರು.

ಅರಸೀಕೆರೆಗೆ ವಾಪಸ್ ಬರುವ ಬಸ್ಸಿನಲ್ಲಿ ಹುಡುಗರು ಶೀಲ್ಡ್ ಬಡಿದು ಕುಣಿಯುತ್ತಿದ್ದರು. ಸಣ್ಣಯ್ಯ ಭಾವನ ಪಕ್ಕ ಕೂತ. ಬಾಣಾವರಕ್ಕೆ ತಿರುಗುವ ರಸ್ತೆ ಕಳೆದ ಮೇಲೆ ಭಾವನ ಕಡೆ ತಿರುಗಿದ.

"ನನ್ನದು ತಪ್ಪಾಯ್ತು ಭಾವ. ಊರೆಲ್ಲ ನಿಮ್ಮ ಮಂಡಿ ಅಂತ ಹೇಳ್ಕೊಂಡು ತಿರುಗಿದೆ."

"ಮಂಡಿ ಹೋಗಿರೋದೂ ನಿಜಾನೇ ಬಿಡು" ಎಂದ ಬೋರಯ್ಯ. ಕಿಟಕಿಯ ಆಚೆ ನೋಡುತ್ತಾ ಹೇಳಿದ: "ನೀನು ಮೂರು ದಿನ ಬಂದೆಯಲ್ಲ, ಯಾಕ್ ಬಂದೆ ಅಂತ ಮೊದಲ್ನೇ ದಿನಾನೇ ಗೊತ್ತಾಯ್ತು. ಆ ಮಾತು ನಿನ್ ಬಾಯಿಂದ ಕೇಳೋಕೆ ನಂಗ್ ಧೈರ್ಯ ಬರ್ಲಿಲ್ಲ. ಅದಕ್ಕೆ ಒಂದಿನ ಅವರೆಕಾಯಿ ಕೊಟ್ಟೆ. ಇನ್ನೊಂದಿನ ಕಾಲು ಚಾಚ್ದೆ."

"ಮತ್ತೆ ಕಡಸು?"

"ಅಷ್ಟು ಅಗ್ಗಕ್ಕೆ ಯಾವ ದಲ್ಲಾಳಿ ಕಡಸು ಕೊಡ್ತಾನಯ್ಯ? ನೀನ್ ಬಾಯಿ ತೆಗೀಬಾರ್ದು ಅಂತ ಕೊಟ್ಟಿದ್ದು."

ಸಣ್ಣಯ್ಯ ಅತ್ತುಬಿಟ್ಟ. ಹುಡುಗರು ಗೆದ್ದ ಖುಷಿಗೆ ಅಳುತ್ತಿದ್ದಾನೆಂದುಕೊಂಡು ಇನ್ನಷ್ಟು ಜೋರಾಗಿ ಶೀಲ್ಡ್ ಬಡಿದರು.

ಮನೆಯಲ್ಲಿ ಕೆಂಪಲಕ್ಷ್ಮಮ್ಮ ಶೀಲ್ಡ್ ನೋಡಿದಳು, ಅಣ್ಣ ಏನು ಮಾಡಿದನೆಂದು ಕೇಳಿ ತಿಳಿದುಕೊಂಡಳು, ಒಳಗೆ ಹೋಗಿ ಮುದ್ದೆ ತೊಳಸಿದಳು. ಆಮೇಲೆ ಶೀಲ್ಡಿಗೆ ಜಾಗ ಮಾಡಲು ಮೊಳೆಯಿಂದ ಮೊರ ತೆಗೆಯಲು ಹೋದಳು.

"ಅದು ಅಲ್ಲೇ ಇರ್ಲಿ ಬಿಡು" ಎಂದ ಸಣ್ಣಯ್ಯ.

ಮರುದಿನ ಬೆಳಿಗ್ಗೆ ಅವನು ಕಚೇರಿಗೆ ತಡವಾಗಿ ಹೋದ. ಒಂದು ಕೈಯಲ್ಲಿ ಶೀಲ್ಡ್, ಇನ್ನೊಂದರಲ್ಲಿ ಸುತ್ತಿಗೆ ಹಿಡಿದುಕೊಂಡು ಮೊದಲು ಬೋರಯ್ಯನ ಮನೆಗೆ ಹೋಗಿ ನಡುಮನೆಯ ಗೋಡೆಗೆ ಮೊಳೆ ಹೊಡೆದ. ಎರಡು ಸಲ ಸುತ್ತಿಗೆ ತಪ್ಪಿ ತನ್ನ ಹೆಬ್ಬೆರಳಿಗೇ ಹೊಡೆದುಕೊಂಡ. ಬೋರಯ್ಯ ಆ ಊದಿದ ಬೆರಳನ್ನು ಹಿಡಿದು ಟವಲಿನಲ್ಲಿ ಸುತ್ತಿ, ಬಹಳ ಹೊತ್ತು ಬಿಡದೆ ಹಾಗೇ ಹಿಡಿದುಕೊಂಡು ಕೂತಿದ್ದ.